ಕಲ್ಲಿನ ಮಾತು ಯಾವುದು, ನಮ್ಮ ಗುರುತು ಯಾವುದು

ರಚನೆಯುಳ್ಳ ದಾಖಲೆಯೊಂದನ್ನು, ಪಠ್ಯದ ಭಾಗಗಳಿಗೆ ಟ್ಯಾಗು ಎಂಬ ಗುರುತುಗಳನ್ನು ಹಾಕುವ ಭಾಷೆಯಾದ ಎಕ್ಸ್‌ಎಂಎಲ್‌ನಲ್ಲಿ ರೂಪಿಸಲು ಕುಳಿತವರಿಗೆ ಆರಂಭದಲ್ಲೇ ಎದುರಾಗುವ ಪ್ರಶ್ನೆಯೆಂದರೆ, ಕೈಯಲ್ಲಿರುವ ಮಾಹಿತಿಯನ್ನು ಎಲಿಮೆಂಟಿನ (ತೆರೆಯುವ ಮತ್ತು ಮುಚ್ಚುವ ಟ್ಯಾಗುಗಳ ನಡುವಿನ ಭಾಗ) ಒಳಗೆ ಪಠ್ಯವಾಗಿ ಇಡಬೇಕೋ ಅಥವಾ ಟ್ಯಾಗಿನೊಳಗೆ ಆಟ್ರಿಬ್ಯೂಟ್ (ಹೆಸರು ಮತ್ತು ಬೆಲೆಯ ಜೋಡಿ) ಆಗಿ ಸೇರಿಸಬೇಕೋ ಎಂಬುದು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಶಾಸನ ಪಾಠಗಳನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸದಲ್ಲಿ ನಾನು ಕೆಲವು ಗೆಳೆಯರೊಂದಿಗೆ ತೊಡಗಿಕೊಂಡಿದ್ದೇನೆ. ನಮ್ಮ ಜೊತೆ ಕೈಜೋಡಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಹುತೇಕ ಎಲ್ಲರೂ ಒಂದು ಸಿದ್ಧ ಉತ್ತರವನ್ನು ತಮ್ಮೊಂದಿಗೇ ತಂದಿರುತ್ತಾರೆ: ವಿಷಯ ಎಲಿಮೆಂಟಿಗೆ, ವಿಷಯದ ಕುರಿತ ಮಾಹಿತಿ ಆಟ್ರಿಬ್ಯೂಟಿಗೆ. ಕೇಳಲು ಚೆನ್ನಾಗಿರುವ ಈ ಸೂತ್ರ ನಿಜವಾದ ಶಾಸನವೊಂದನ್ನು ಎದುರಿಗಿಟ್ಟುಕೊಂಡ ಕೂಡಲೇ ಕೈಕೊಡುತ್ತದೆ, ಏಕೆಂದರೆ ಯಾವುದು ವಿಷಯ, ಯಾವುದು ಅದರ ಕುರಿತ ಮಾಹಿತಿ ಎಂಬುದೇ ಅಲ್ಲಿ ಬಿಡಿಸಬೇಕಾದ ಗಂಟು. ನನ್ನ ಅನುಭವದಲ್ಲಿ ಆ ಗಂಟನ್ನು ಬಿಡಿಸಲು ನೆರವಾಗುವ ಪ್ರಶ್ನೆ ಬೇರೆಯೇ ಇದೆ. ದಾಖಲೆಯಲ್ಲಿರುವ ಪ್ರತಿಯೊಂದು ಅಂಶವನ್ನೂ ಬೆರಳಿಟ್ಟು ತೋರಿಸಿ, ಇದು ಯಾರ ಮಾತು ಎಂದು ಕೇಳಬೇಕು. ಕಲ್ಲಿನದೋ, ಅದನ್ನು ಓದಿ ಸಂಪಾದಿಸಿದವರದೋ, ತೆರೆಯ ಮೇಲೆ ತೋರಿಸುವ ನಮ್ಮದೋ?

ವಿಷಯವನ್ನೂ ಗುರುತನ್ನೂ ಬೇರ್ಪಡಿಸುವ ಆಲೋಚನೆ ಹೊಸದಲ್ಲ. 1969ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಅವರು ಕಾನೂನು ಕಚೇರಿಗಳ ದಾಖಲೆಗಳಿಗಾಗಿ ಜಿಎಂಎಲ್ ಎಂಬ ಗುರುತು ಭಾಷೆಯನ್ನು ರೂಪಿಸಿದಾಗ, ಒಂದು ಸಾಲು ದಪ್ಪ ಅಕ್ಷರದಲ್ಲಿ ಬರಬೇಕು ಎಂದು ಬರೆಯುವುದರ ಬದಲು ಅದು ಶೀರ್ಷಿಕೆ ಎಂದು ಬರೆಯುವ ಪದ್ಧತಿ ನೆಲೆಗೊಂಡಿತು. ಅದೇ ದಾರಿಯಲ್ಲಿ 1986ರಲ್ಲಿ ಎಸ್‌ಜಿಎಂಎಲ್ ಅಂತರರಾಷ್ಟ್ರೀಯ ಮಾನಕವಾಯಿತು, 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಬಂದಿತು. ಟ್ಯಾಗುಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿಯೇ ಇಡಲು ಎಕ್ಸ್‌ಎಂಎಲ್ ಮೊದಲಿನಿಂದಲೂ ಅವಕಾಶ ಕೊಟ್ಟಿದೆ. ಕೆಳಗಿನ ಉದಾಹರಣೆಗಳನ್ನು ಆ ಕಾರಣಕ್ಕೆ ಕನ್ನಡದಲ್ಲಿಯೇ ಬರೆದಿದ್ದೇನೆ.

ಈ ಬೇರ್ಪಡಿಕೆ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕನ್ನಡಿಗರು ಪಠ್ಯಪುಸ್ತಕ ತೆರೆಯಬೇಕಾಗಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಇಂದಿಗೂ ನಮ್ಮ ಕಚೇರಿಗಳಲ್ಲಿಯೂ ಡಿಟಿಪಿ ಅಂಗಡಿಗಳಲ್ಲಿಯೂ ರಾಶಿ ರಾಶಿಯಾಗಿವೆ. ಅಂಥ ಕಡತದ ಒಳಗಿರುವುದು ಕನ್ನಡ ಅಕ್ಷರವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ ಸಂಖ್ಯೆಗಳು. ಅವು ಕನ್ನಡವಾಗಿ ಕಾಣುವುದು ಫಾಂಟಿನ ಹೆಸರು ಜೊತೆಗಿರುವವರೆಗೆ ಮಾತ್ರ. ಆ ಪಠ್ಯವನ್ನು ಇಮೇಲಿಗೆ ಅಂಟಿಸಿದಾಗ ಫಾಂಟಿನ ಹೆಸರು ಕಳಚಿ ಬೀಳುತ್ತದೆ, ಓದುವವರ ಕೈಗೆ ಅರ್ಥವಿಲ್ಲದ ಅಕ್ಷರಗಳ ಸಾಲು ಸಿಗುತ್ತದೆ. ಇದು ಕನ್ನಡ ಎಂಬ ಎಲ್ಲಕ್ಕಿಂತ ಮೂಲಭೂತ ಸಂಗತಿಯನ್ನೇ ಅಲಂಕಾರದ ಪದರದಲ್ಲಿ ಇಟ್ಟದ್ದರ ಫಲ ಅದು. ಯೂನಿಕೋಡ್ ಆ ಸಂಗತಿಯನ್ನು ಅಕ್ಷರದೊಳಗೇ ಇಟ್ಟಿತು, ಆದ್ದರಿಂದ ಫಾಂಟು ಬದಲಾದರೂ ಪಠ್ಯ ಉಳಿಯುತ್ತದೆ.

ಇದರಿಂದಲೇ ಒಂದು ಸರಳ ಪರೀಕ್ಷೆ ಹುಟ್ಟುತ್ತದೆ. ಕಡತದಿಂದ ಎಲ್ಲ ಟ್ಯಾಗುಗಳನ್ನೂ, ಅವುಗಳೊಳಗಿನ ಆಟ್ರಿಬ್ಯೂಟುಗಳನ್ನೂ ಕಿತ್ತುಹಾಕಿದರೆ ಉಳಿಯುವುದು ಮೂಲ ಹೇಳುವ ಮಾತೇ ಆಗಿರಬೇಕು, ಅದೇ ಕ್ರಮದಲ್ಲಿರಬೇಕು, ಅದಕ್ಕಿಂತ ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು. ಶಾಸನದ ಮುದ್ರಿತ ಪಾಠಗಳನ್ನು ಈ ಪರೀಕ್ಷೆಗೆ ಒಡ್ಡಿದರೆ ತೊಡಕು ತಕ್ಷಣ ಕಾಣುತ್ತದೆ. ಕಲ್ಲು ಸವೆದು ಒಂದು ಅಕ್ಷರ ಹೋಗಿದ್ದರೆ ಸಂಪಾದಕರು ತಾವು ಊಹಿಸಿದ ಅಕ್ಷರವನ್ನು ಚೌಕ ಆವರಣದೊಳಗೆ ಹಾಕಿ, ಮಹಾಮಂಡ[ಳೇ]ಶ್ವರ ಎಂದು ಅಚ್ಚು ಹಾಕಿಸುತ್ತಾರೆ. ಕಾಗದದ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ. ತಮ್ಮ ಗುರುತನ್ನೂ ಶಾಯಿಯಲ್ಲಿಯೇ ಹಾಕಬೇಕಿತ್ತು. ಆದರೆ ಅದೇ ಪಾಠವನ್ನು ಇದ್ದಂತೆಯೇ ಬೆರಳಚ್ಚು ಮಾಡಿದರೆ ಮಹಾಮಂಡಳೇಶ್ವರ ಎಂದು ಹುಡುಕುವ ಸಂಶೋಧಕರಿಗೆ ಆ ಶಾಸನ ಸಿಗುವುದೇ ಇಲ್ಲ, ಏಕೆಂದರೆ ಪದದ ನಡುವೆ ಎರಡು ಆವರಣ ಚಿಹ್ನೆಗಳು ಕುಳಿತಿವೆ. ಅವು ಕಲ್ಲಿನ ಮಾತಲ್ಲ. ಅವನ್ನು ಮಹಾಮಂಡ<ಪೂರಣ>ಳೇ</ಪೂರಣ>ಶ್ವರ ಎಂದು ಟ್ಯಾಗಿಗೆ ವರ್ಗಾಯಿಸಿದರೆ ಪದ ಇಡಿಯಾಗಿ ಉಳಿಯುತ್ತದೆ, ಆ ಅಕ್ಷರ ಊಹೆಯದು ಎಂಬ ಎಚ್ಚರಿಕೆಯೂ ಉಳಿಯುತ್ತದೆ, ಪರದೆಯ ಮೇಲೆ ಅದನ್ನು ಆವರಣದಿಂದ ತೋರಿಸಬೇಕೋ ಬೂದುಬಣ್ಣದಿಂದ ತೋರಿಸಬೇಕೋ ಎಂಬ ನಿರ್ಧಾರ ತೋರಿಕೆಯ ನಿಯಮಗಳ ಕಡತವಾದ ಸ್ಟೈಲ್‌ಶೀಟಿನ ಪಾಲಿಗೆ ಹೋಗುತ್ತದೆ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಆ ‘ಳೇ’ ಕಲ್ಲಿನ ಮೇಲೆ ಇಲ್ಲ, ಅದು ಸಂಪಾದಕರ ಮಾತು. ಹಾಗಿದ್ದರೂ ನಾವು ಅದನ್ನು ಎಲಿಮೆಂಟಿನ ಒಳಗೆ ಪಠ್ಯವಾಗಿ ಇಟ್ಟಿದ್ದೇವೆ. ಕಾರಣ, ಅದು ಕಲ್ಲಿನ ಪರವಾಗಿ ಆಡಿದ ಮಾತು. ವಾಕ್ಯದ ಓಟದಲ್ಲಿ ಅದಕ್ಕೆ ಒಂದು ಸ್ಥಾನವಿದೆ, ಅದನ್ನು ತೆಗೆದರೆ ಪದ ಮುರಿಯುತ್ತದೆ. ಮೂರು ಅಕ್ಷರಗಳು ಹೋಗಿದ್ದು ಸಂಪಾದಕರು ಏನನ್ನೂ ಊಹಿಸದೆ ಬಿಟ್ಟಿದ್ದರೆ ಪರಿಸ್ಥಿತಿ ಬೇರೆ: ಅಲ್ಲಿ <ತ್ರುಟಿತ ಅಕ್ಷರ="3"/> ಎಂಬ ಖಾಲಿ ಎಲಿಮೆಂಟ್ ಸಾಕು. ಮೂರು ಎಂಬ ಎಣಿಕೆ ಕಲ್ಲಿನ ಪರವಾದ ಮಾತಲ್ಲ, ಕಲ್ಲಿನ ಕುರಿತ ಮಾತು. ಈ ಪರವಾದ ಮತ್ತು ಕುರಿತ ಎಂಬ ಭೇದ ಹಿಡಿತಕ್ಕೆ ಸಿಕ್ಕಿದರೆ ಅರ್ಧದಷ್ಟು ಸಂದೇಹಗಳು ತಾವಾಗಿಯೇ ಬಗೆಹರಿಯುತ್ತವೆ.

ಉಳಿದರ್ಧ ಅಷ್ಟು ಸುಲಭವಲ್ಲ. ಶಾಸನಗಳಲ್ಲಿ ‘ಶಕವರ್ಷ’ ಎಂಬುದನ್ನು ‘ಸಕವರ್ಷ’ ಎಂದು ಬರೆದಿರುವುದು ಬಹಳ ಸಾಮಾನ್ಯ. ಹುಡುಕಾಟಕ್ಕಾಗಿ ಎರಡೂ ರೂಪಗಳು ಬೇಕು. ಮಾನವಿಕ ಪಠ್ಯಗಳ ಗುರುತಿಗಾಗಿ 1987ರಲ್ಲಿ ಆರಂಭವಾದ ಟಿಇಐ ಯೋಜನೆಯ ಹಳೆಯ ಆವೃತ್ತಿಗಳಲ್ಲಿ ಇಂಥ ಕಡೆ ಒಂದು ರೂಪವನ್ನು ಪಠ್ಯವಾಗಿಯೂ ಇನ್ನೊಂದನ್ನು ಆಟ್ರಿಬ್ಯೂಟ್ ಆಗಿಯೂ ಇಡುತ್ತಿದ್ದರು. 2007ರಲ್ಲಿ ಬಂದ ಐದನೆಯ ಆವೃತ್ತಿ ಅದನ್ನು ಕೈಬಿಟ್ಟು, ಎರಡನ್ನೂ ಎಲಿಮೆಂಟುಗಳಾಗಿ ಒಂದು ಆಯ್ಕೆಯ ಕಟ್ಟಿನೊಳಗೆ ಜೋಡಿಸುವ ಕ್ರಮ ತಂದಿತು. ಆಟ್ರಿಬ್ಯೂಟಿನ ಒಳಗೆ ಮತ್ತೊಂದು ಟ್ಯಾಗನ್ನು ಇಡಲಾಗದು; ತಿದ್ದಿದ ರೂಪದೊಳಗೆ ಒಂದು ಅಕ್ಷರ ಸಂದೇಹಾಸ್ಪದವೆಂದು ಗುರುತಿಸಬೇಕಾಗಿ ಬಂದರೆ ಅಲ್ಲಿ ದಾರಿ ಮುಚ್ಚಿಹೋಗುತ್ತದೆ. ನಾವೂ ಹೊಸ ಕ್ರಮವನ್ನೇ ಅನುಸರಿಸುತ್ತೇವೆ. ಆದರೆ ಈಗ ಟ್ಯಾಗುಗಳನ್ನು ಕಿತ್ತರೆ ‘ಸಕವರ್ಷಶಕವರ್ಷ’ ಎಂದು ಉಳಿಯುತ್ತದೆ, ನಮ್ಮ ಸರಳ ಪರೀಕ್ಷೆ ಸೋಲುತ್ತದೆ. ಯಾರ ಮಾತು ಎಂಬ ಪ್ರಶ್ನೆಯಾದರೋ ಸೋಲುವುದಿಲ್ಲ: ಮೊದಲನೆಯದು ಕಲ್ಲಿನದು, ಎರಡನೆಯದು ನಮ್ಮದು, ಕಲ್ಲಿನ ಪಾಠ ಬೇಕಾದವರು ಮೊದಲನೆಯದನ್ನು ಮಾತ್ರ ಎತ್ತಿಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹೀಗಾಗಿ ಎಲಿಮೆಂಟೆಂದರೆ ವಿಷಯ, ಆಟ್ರಿಬ್ಯೂಟೆಂದರೆ ಗುರುತು ಎಂಬ ಸಮೀಕರಣವನ್ನು ನಾನು ಒಪ್ಪುವುದಿಲ್ಲ. ಎಲಿಮೆಂಟಿನೊಳಗೆ ನಮ್ಮ ಮಾತೂ ಇರಬಹುದು, ಅದು ನಮ್ಮದೆಂದು ಟ್ಯಾಗಿನ ಹೆಸರು ಹೇಳುತ್ತಿದ್ದರೆ ಸಾಕು.

ಕನ್ನಡದ ಅಕ್ಷರ ರಚನೆ ಇದಕ್ಕೆ ತನ್ನದೇ ಆದ ಕಷ್ಟವೊಂದನ್ನು ಸೇರಿಸುತ್ತದೆ, ಮತ್ತು ಯುರೋಪಿನ ಶಾಸನಗಳಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಸಿದ್ಧ ಉತ್ತರ ಹುಡುಕುವುದು ವ್ಯರ್ಥ. ಮೇಲಿನ ‘ಳೇ’ ಪೂರ್ತಿ ಅಳಿಸಿಹೋಗಿಲ್ಲ, ‘ಳ’ ಸ್ಪಷ್ಟವಾಗಿದೆ, ಮೇಲಿನ ಏತ್ವ ಮಾತ್ರ ಕಲ್ಲಿನ ಚಕ್ಕೆಯೊಂದಿಗೆ ಎದ್ದುಹೋಗಿದೆ ಎಂದುಕೊಳ್ಳಿ. ತರ್ಕದ ಪ್ರಕಾರ ‘ಳ’ ಹೊರಗಿರಬೇಕು, ಸ್ವರಚಿಹ್ನೆ ಮಾತ್ರ ಪೂರಣ ಎಂಬ ಟ್ಯಾಗಿನೊಳಗೆ ಹೋಗಬೇಕು. ಯೂನಿಕೋಡಿನಲ್ಲಿ ಅವೆರಡೂ ಬೇರೆ ಬೇರೆ ಸಂಕೇತಗಳಾಗಿರುವುದರಿಂದ ಹಾಗೆ ಬರೆಯಲು ಅಡ್ಡಿಯೂ ಇಲ್ಲ. ಆದರೆ ಎಲಿಮೆಂಟ್ ಒಂದು ಸ್ವರಚಿಹ್ನೆಯಿಂದ ಆರಂಭವಾದಾಗ ಹಲವು ತಂತ್ರಾಂಶಗಳಲ್ಲಿ ಆ ಚಿಹ್ನೆ ತನ್ನ ವ್ಯಂಜನದಿಂದ ಬೇರೆಯಾಗಿ, ಚುಕ್ಕೆಗಳ ವೃತ್ತವೊಂದರ ಮೇಲೆ ನೇತಾಡುತ್ತದೆ. ಅಕ್ಷರ ಕಣ್ಣಿಗೆ ಒಡೆದು ಕಾಣುತ್ತದೆ. ಇನ್ನೂ ಒಂದು ಸಂಗತಿಯಿದೆ: ಹಳೆಯ ಶಾಸನಗಳ ಬರವಣಿಗೆಯಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಅಂದಮೇಲೆ ಕಲ್ಲು ಅಖಂಡವಾಗಿದ್ದರೂ ಆ ದೀರ್ಘ ಸಂಪಾದಕರದೇ. ಇಷ್ಟು ಕೆಳಗಿನ ಹಂತದವರೆಗೆ ಟ್ಯಾಗು ಹಾಕುತ್ತ ಹೋದರೆ ಪಾಠವನ್ನು ಓದುವವರೂ ಇರುವುದಿಲ್ಲ, ತಿದ್ದುವವರೂ ಇರುವುದಿಲ್ಲ. ಆದ್ದರಿಂದ ನಾವು ಅಕ್ಷರವನ್ನು ಒಡೆಯದಿರುವ ನಿಯಮ ಮಾಡಿಕೊಂಡಿದ್ದೇವೆ. ಅಕ್ಷರದ ಯಾವುದೇ ಭಾಗ ಹೋಗಿದ್ದರೂ ಇಡೀ ಅಕ್ಷರವನ್ನು ಟ್ಯಾಗಿನೊಳಗೆ ಇಟ್ಟು, ಹೋಗಿರುವುದು ಏತ್ವವೋ, ಕೊಂಬೋ, ಒತ್ತಕ್ಷರವೋ ಎಂಬುದನ್ನು ಆಟ್ರಿಬ್ಯೂಟಿನಲ್ಲಿ ಹೇಳುತ್ತೇವೆ. ದೀರ್ಘದ ವಿಷಯವನ್ನು ಕಡತದ ತಲೆಭಾಗದಲ್ಲಿ ಒಮ್ಮೆ ಘೋಷಿಸಿ ಬಿಡುತ್ತೇವೆ.

ಪದಗಳ ನಡುವಿನ ಖಾಲಿ ಜಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಶಾಸನದಲ್ಲಿ ಪದವಿಭಾಗ ಸಾಮಾನ್ಯವಾಗಿ ಇರುವುದಿಲ್ಲ, ಅಕ್ಷರಗಳು ಎಡೆಬಿಡದೆ ಸಾಗುತ್ತವೆ. ಮುದ್ರಿತ ಪಾಠದಲ್ಲಿರುವ ಪ್ರತಿಯೊಂದು ಖಾಲಿ ಜಾಗವೂ ಸಂಪಾದಕರ ಓದು, ಕೆಲವೆಡೆ ವಿವಾದಕ್ಕೆ ಎಡೆಕೊಡುವ ಓದು. ಕಟ್ಟುನಿಟ್ಟಾಗಿ ನೋಡಿದರೆ ಪ್ರತಿ ಪದವನ್ನೂ ಒಂದೊಂದು ಎಲಿಮೆಂಟಿನಲ್ಲಿ ಸುತ್ತಬೇಕಾಗುತ್ತದೆ. ನಾವು ಖಾಲಿ ಜಾಗವನ್ನು ಪಠ್ಯದಲ್ಲಿಯೇ ಉಳಿಸಿಕೊಂಡು ಅದು ನಮ್ಮದೆಂದು ತಲೆಭಾಗದಲ್ಲಿ ಹೇಳಿದ್ದೇವೆ. ಸಾಲುಗಳ ವಿಷಯದಲ್ಲಿ ಮಾತ್ರ ಸಡಿಲಬಿಡುವಂತಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುಗಿಯುತ್ತದೆ, ಪದ ಮುಗಿದಿರಬೇಕೆಂದೇನೂ ಇಲ್ಲ. ಸಾಲು ಅಲ್ಲಿ ಮುರಿದಿದೆ ಎಂಬುದು ಕಲ್ಲಿನ ಸಂಗತಿ, ಅದು ಐದನೆಯ ಸಾಲು ಎಂಬ ಎಣಿಕೆ ನಮ್ಮದು. ಆದ್ದರಿಂದ <ಸಾಲು ಸಂಖ್ಯೆ="5"/> ಎಂಬ ಖಾಲಿ ಎಲಿಮೆಂಟನ್ನು ಪದದ ನಡುವೆಯೇ ಇಡಬೇಕು, ಅದರ ಹಿಂದೆ ಮುಂದೆ ಅಂದಕ್ಕಾಗಿ ಎಂಟರ್ ಒತ್ತಬಾರದು. ಒತ್ತಿದರೆ ಪದದೊಳಗೆ ಇಲ್ಲದ ಜಾಗ ಹುಟ್ಟಿಕೊಳ್ಳುತ್ತದೆ.

ವಿಷಯ ಮತ್ತು ಗುರುತಿನ ನಡುವಿನ ಗೆರೆ ಎಷ್ಟು ಚಲಿಸಬಲ್ಲದು ಎಂಬುದನ್ನು ನನಗೆ ಮನಗಾಣಿಸಿದ್ದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ. ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಮುಗಿದ ಮೇಲೆ, ಇದನ್ನು ಬರೆದವನು ಚಪಡನೆಂಬ ಲಿಪಿಕಾರ ಎಂದು ಕೊನೆಯಲ್ಲಿದೆ. ಅದರಲ್ಲಿ ‘ಲಿಪಿಕರೇಣ’ ಎಂಬ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿದೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ವಾಯವ್ಯ ಭಾರತದಲ್ಲಿ. ಸಾವಿರಾರು ಕಿಲೋಮೀಟರ್ ದೂರದ ಆ ಲಿಪಿಯನ್ನು ಬಲ್ಲ ಲಿಪಿಕಾರನೊಬ್ಬನ ಕೈ ಇಲ್ಲಿ ಕೆಲಸ ಮಾಡಿತೆಂಬ ಸುಳಿವು ಸಿಗುವುದು ಆ ಪದದ ಅರ್ಥದಿಂದಲ್ಲ, ಅದರ ರೂಪದಿಂದ. ಸಾಮಾನ್ಯ ದಾಖಲೆಯಲ್ಲಿ ಲಿಪಿಯ ಬದಲಾವಣೆ ಓರೆ ಅಕ್ಷರದಂತೆ ತೋರಿಕೆಯ ಸಂಗತಿ ಎಂದು ತಳ್ಳಿಹಾಕಬಹುದು. ಇಲ್ಲಿ ಅದು ಕಲ್ಲಿನ ಮಾತು, ಬಹುಶಃ ಆ ಸಾಲಿನ ಅತ್ಯಂತ ಮುಖ್ಯ ಮಾತು.

ಇದನ್ನು ಎಲ್ಲಿ ಇಡಬೇಕು? ಖರೋಷ್ಠಿಗೆ 2005ರಲ್ಲಿಯೂ ಬ್ರಾಹ್ಮಿಗೆ 2010ರಲ್ಲಿಯೂ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ಮೂಲ ಲಿಪಿಗಳಲ್ಲಿಯೇ ಬೆರಳಚ್ಚು ಮಾಡಿದರೆ ಪ್ರತಿ ಅಕ್ಷರದ ಸಂಕೇತವೇ ತನ್ನ ಲಿಪಿಯನ್ನು ಹೇಳುತ್ತದೆ, ಟ್ಯಾಗೇ ಬೇಕಿಲ್ಲ, ಎಲ್ಲ ಟ್ಯಾಗುಗಳನ್ನು ಕಿತ್ತರೂ ಲಿಪಿಕಾರನ ಗುಟ್ಟು ಉಳಿಯುತ್ತದೆ. ಆದರೆ ನಮ್ಮ ಓದುಗರಿಗಾಗಿ ಕನ್ನಡ ಲಿಪಿಗೆ ಪರಿವರ್ತಿಸಿದ ಪಾಠದಲ್ಲಿ ಎರಡು ಲಿಪಿಗಳೂ ಒಂದೇ ಆಗಿಬಿಡುತ್ತವೆ. ಅಲ್ಲಿ <ಭಾಗ ಲಿಪಿ="ಖರೋಷ್ಠಿ">ಲಿಪಿಕರೇಣ</ಭಾಗ> ಎಂಬ ಗುರುತೊಂದೇ ಆ ಸಂಗತಿಯನ್ನು ಹೊತ್ತಿರುತ್ತದೆ. ಒಂದೇ ಸಂಗತಿ ಒಂದು ಪಾಠದಲ್ಲಿ ವಿಷಯವಾಗಿಯೂ ಇನ್ನೊಂದರಲ್ಲಿ ಗುರುತಾಗಿಯೂ ಕುಳಿತಿದೆ, ಎರಡೂ ಸರಿಯೇ. ಯಾವ ಪದರವನ್ನು ಮೂಲವೆಂದು ಒಪ್ಪಿಕೊಂಡಿದ್ದೇವೆ ಎಂಬುದನ್ನು ಮೊದಲು ನಿರ್ಧರಿಸದೆ ಗೆರೆ ಎಳೆಯಲು ಹೊರಟರೆ ಚರ್ಚೆ ಮುಗಿಯುವುದೇ ಇಲ್ಲ.

ಇದರ ಚಿಕ್ಕ ರೂಪವೊಂದು ದಿನನಿತ್ಯದ ಕನ್ನಡದಲ್ಲಿಯೂ ಇದೆ. ‘ಸೂರ್ಯ’ ಎಂದು ಅರ್ಕಾವತ್ತಿನೊಂದಿಗೆ ಬರೆಯಬಹುದು, ‘ಸೂರ‍್ಯ’ ಎಂದು ರಕಾರಕ್ಕೆ ಯಒತ್ತು ಕೊಟ್ಟೂ ಬರೆಯಬಹುದು. ಪದ ಒಂದೇ, ಉಚ್ಚಾರಣೆ ಒಂದೇ, ರೂಪ ಮಾತ್ರ ಬೇರೆ. ಯೂನಿಕೋಡಿನಲ್ಲಿ ಎರಡನೆಯದನ್ನು ಪಡೆಯಲು ಕಣ್ಣಿಗೆ ಕಾಣದ ಜೋಡಕವೊಂದನ್ನು ಅಕ್ಷರಗಳ ನಡುವೆ ಸೇರಿಸಬೇಕು. ಅಂದರೆ ತೋರಿಕೆಯ ಆಯ್ಕೆಯೊಂದು ಪಠ್ಯದ ಒಳಗೇ ಬಂದು ಕುಳಿತಿದೆ, ಹುಡುಕಾಟದ ತಂತ್ರಾಂಶ ಅದನ್ನು ಕಡೆಗಣಿಸದಿದ್ದರೆ ಅವು ಎರಡು ಬೇರೆ ಪದಗಳಾಗುತ್ತವೆ. ಶಾಸನದಲ್ಲಿ ಲಿಪಿಕಾರ ಯಾವ ರೂಪವನ್ನು ಕೆತ್ತಿದ ಎಂಬುದು ಕಾಲನಿರ್ಣಯಕ್ಕೆ ನೆರವಾಗಬಹುದಾದ್ದರಿಂದ ಅಲ್ಲಿ ಅದನ್ನು ಉಳಿಸುತ್ತೇವೆ, ಇಂದಿನ ಗದ್ಯದಲ್ಲಿ ಒಂದೇ ರೂಪಕ್ಕೆ ತರುತ್ತೇವೆ.

ಕಾಲದ ಮಾತು ಬಂದದ್ದರಿಂದ ಅದನ್ನೂ ಹೇಳಬೇಕು. ಕಲ್ಲು ಶಕವರ್ಷ 1146 ಎಂದರೆ ನಾವು 78 ಸೇರಿಸಿ ಕ್ರಿ.ಶ. 1224 ಎನ್ನುತ್ತೇವೆ. ಆದರೆ ಕಲ್ಲು ಹೇಳುವುದು ಪೂರ್ತಿ ಮುಗಿದ ವರ್ಷದ ಎಣಿಕೆಯೋ ನಡೆಯುತ್ತಿರುವ ವರ್ಷದ ಎಣಿಕೆಯೋ ಎಂಬುದರ ಮೇಲೆ ಒಂದು ವರ್ಷದ ವ್ಯತ್ಯಾಸ ಬರುತ್ತದೆ, ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ ತೀರ್ಮಾನಿಸಬೇಕಾಗುತ್ತದೆ. 1224 ಎಂಬ ಅಂಕಿ ಆಟ್ರಿಬ್ಯೂಟಿಗೆ ಹೇಳಿಮಾಡಿಸಿದಂತಿದೆ: ಚಿಕ್ಕದು, ಒಳರಚನೆ ಇಲ್ಲದ್ದು, ನಮ್ಮ ಮಾತು. ಆ ತೀರ್ಮಾನಕ್ಕೆ ಏಕೆ ಬಂದೆವು ಎಂಬ ವಿವರಣೆ ಹಾಗಲ್ಲ. ಅದಕ್ಕೆ ವಾಕ್ಯಗಳು ಬೇಕು, ಒಳಗೆ ಬೇರೆ ಶಾಸನಗಳ ಉಲ್ಲೇಖ ಬೇಕು. ಅದನ್ನು ಪಾಠದ ಹೊರಗೆ, ಟಿಪ್ಪಣಿಯ ವಿಭಾಗದಲ್ಲಿ ಎಲಿಮೆಂಟಾಗಿ ಇಟ್ಟು ಕೊಂಡಿ ಹಾಕುತ್ತೇವೆ.

ಊರು, ತಾಲ್ಲೂಕು, ಜಿಲ್ಲೆಗಳ ಹೆಸರನ್ನು ಪಾಠದ ಬಳಿಯಾಗಲಿ ಶಾಸನದ ಗುರುತು ಸಂಖ್ಯೆಯಲ್ಲಾಗಲಿ ಬರಗೊಡಬಾರದು ಎಂಬುದರಲ್ಲಿ ನಾನು ಹಟಮಾರಿ. ರೈಸ್ ಅವರು ಸಂಪಾದಿಸಿದ ಶಾಸನ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ, ಜಗಳೂರು ಕಡೆಯ ಕಲ್ಲುಗಳು ಅದರಲ್ಲಿವೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಹರಪನಹಳ್ಳಿಯ ಕಥೆ ಇನ್ನೂ ದೊಡ್ಡದು: ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಲ್ಲು ಇದ್ದಲ್ಲಿಯೇ ಇದೆ. ಜಿಲ್ಲೆ ಎಂಬುದು ನಮ್ಮ ಕಾಲದ ಆಡಳಿತದ ಮಾತು, ಅದರ ಜಾಗ ತಲೆಭಾಗ, ಅಲ್ಲಿ ಯಾವಾಗ ಬೇಕಾದರೂ ತಿದ್ದಬಹುದು. ರೈಸ್ ಅವರ ಸಂಪುಟದ ತಾಲ್ಲೂಕುವಾರು ಸಂಖ್ಯೆಯನ್ನು ಮಾತ್ರ ಎಂದಿಗೂ ತಿದ್ದಬಾರದು, ಏಕೆಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ವಿದ್ವಾಂಸರು ಆ ಸಂಖ್ಯೆಯಿಂದಲೇ ಶಾಸನಗಳನ್ನು ಉಲ್ಲೇಖಿಸುತ್ತ ಬಂದಿದ್ದಾರೆ.

ಇಂದಿನ ಸರ್ಕಾರಿ ದಾಖಲೆಗಳಲ್ಲಿಯೂ ಸಂಖ್ಯೆಗಳ ವಿಷಯ ಹೀಗೆಯೇ. ಪಟ್ಟಿಯ ಕ್ರಮಸಂಖ್ಯೆಗಳನ್ನು ತಂತ್ರಾಂಶವೇ ಹಾಕಲಿ, ಪಠ್ಯದಲ್ಲಿ ಬರೆಯಬೇಡಿ ಎಂದು ವಿನ್ಯಾಸದ ಪಾಠಗಳಲ್ಲಿ ಹೇಳುತ್ತಾರೆ. ಸಭೆಯ ಕಾರ್ಯಸೂಚಿಗೆ ಅದು ಸರಿ. ಕಾನೂನಿಗೆ ಸರಿಯಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 94ಸಿ ಪ್ರಕರಣವನ್ನು ಅರಿಯದ ಹಳ್ಳಿ ನಮ್ಮಲ್ಲಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಸಕ್ರಮಕ್ಕಾಗಿ ಹಾಕುವ ಅರ್ಜಿಗೇ 94ಸಿ ಅರ್ಜಿ ಎಂದು ಹೆಸರು. ತಿದ್ದುಪಡಿಯಿಂದ ನಡುವೆ ಸೇರಿದ ಆ ಪ್ರಕರಣವನ್ನು ಯಂತ್ರ ತಾನೇ ಎಣಿಸಿ 98 ಎಂದೋ 99 ಎಂದೋ ಕರೆದರೆ ಕಾನೂನೇ ಬದಲಾದಂತೆ. ಅಲ್ಲಿ ಸಂಖ್ಯೆ ಶಾಸಕಾಂಗದ ಮಾತು, ಹೀಗಾಗಿ ಅದು ಪಠ್ಯ.

ಆಟ್ರಿಬ್ಯೂಟಿಗೆ ಸೇರಬಾರದ ಮಾತು ಅಲ್ಲಿ ಸೇರಿದರೆ ಆಗುವ ನಷ್ಟಕ್ಕೆ ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ ಚಿತ್ರಗಳು ಸಾಕ್ಷಿ. ಚಿತ್ರದ ಬದಲಿ ವಿವರಣೆ ಓದುಗನಿಗಾಗಿ ಬರೆದ ವಾಕ್ಯ. ಕಣ್ಣು ಕಾಣದವರಿಗೆ ಚಿತ್ರವೆಂದರೆ ಅದೇ. ಆದರೆ ಅದು ಆಟ್ರಿಬ್ಯೂಟಿನಲ್ಲಿ ಸಿಲುಕಿರುವುದರಿಂದ ಕನ್ನಡ ವಿವರಣೆಯ ನಡುವೆ ಬರುವ ಸಂಸ್ಕೃತ ಶ್ಲೋಕವನ್ನೋ ಇಂಗ್ಲಿಷ್ ಹೆಸರನ್ನೋ ಬೇರೆ ಭಾಷೆಯದೆಂದು ಗುರುತಿಸಲು ಅಲ್ಲಿ ಜಾಗವಿಲ್ಲ. ಓದಿ ಹೇಳುವ ತಂತ್ರಾಂಶಕ್ಕೆ ಉಚ್ಚಾರಣೆಯ ಸುಳಿವು ಸಿಗುವುದಿಲ್ಲ.

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದರಪಟ್ಟಿಯಂಥ ದಾಖಲೆಗಳಿಗೆ ಈ ಯಾವ ಚರ್ಚೆಯೂ ಬೇಕಿಲ್ಲ. ಅಲ್ಲಿ ಓದುವ ಕ್ರಮವಿಲ್ಲ, ಮಾತಿನ ಓಟವಿಲ್ಲ, ಇರುವುದು ದತ್ತಾಂಶ. ಕನಿಷ್ಠ ದರ, ಗರಿಷ್ಠ ದರ, ಆವಕ ಇವನ್ನು ಎಲ್ಲಿಟ್ಟರೂ ನಡೆಯುತ್ತದೆ. ಆಟ್ರಿಬ್ಯೂಟುಗಳ ಕ್ರಮಕ್ಕೆ ಅರ್ಥವಿಲ್ಲ, ಒಂದೇ ಹೆಸರು ಎರಡು ಸಲ ಬರುವಂತಿಲ್ಲ, ಒಳಗಿನ ಸಾಲುಮುರಿತ ಖಾಲಿ ಜಾಗವಾಗಿ ಬಿಡುತ್ತದೆ ಎಂಬುದಷ್ಟು ನೆನಪಿದ್ದರೆ ಸಾಕು.

ನಾವು ಈಗ ತೊಡಗಿಕೊಂಡಿರುವುದು ವೀರಗಲ್ಲುಗಳಲ್ಲಿ. ಅಲ್ಲಿ ಫಲಕಗಳು ಒಂದರ ಮೇಲೊಂದು ಇರುತ್ತವೆ: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬರಹ ಇರುವುದು ಹೆಚ್ಚಾಗಿ ಫಲಕಗಳ ನಡುವಿನ ಪಟ್ಟಿಗಳಲ್ಲಿ. ಚಿತ್ರಗಳು ಕೆಳಗಿನಿಂದ ಮೇಲಕ್ಕೆ ಸಾಗುವಾಗ ಬರಹದ ಓದು ಮೇಲಿನಿಂದ ಕೆಳಕ್ಕೆ ಇರಬಹುದು, ಎರಡೂ ಕಲ್ಲಿನ ಮಾತೇ, ಎರಡನ್ನೂ ಒಂದೇ ಅನುಕ್ರಮದಲ್ಲಿ ಬರೆಯಲಾಗದು. ಸದ್ಯಕ್ಕೆ ಪಾಠವನ್ನು ಓದುವ ಕ್ರಮದಲ್ಲಿ ಇಟ್ಟು, ಪಟ್ಟಿ ಬದಲಾದಲ್ಲೆಲ್ಲ ಖಾಲಿ ಎಲಿಮೆಂಟೊಂದನ್ನು ನೆಟ್ಟು, ಅದರಿಂದ ಮೇಲಿನ ಮತ್ತು ಕೆಳಗಿನ ಫಲಕಗಳಿಗೆ ಕೊಂಡಿ ಕೊಡುತ್ತಿದ್ದೇವೆ. ಫಲಕದಲ್ಲಿ ಏನಿದೆ ಎಂಬ ವಿವರಣೆ ಪೂರ್ತಿಯಾಗಿ ನಮ್ಮ ಮಾತಾದ್ದರಿಂದ ಅದು ಪಾಠದ ಹೊರಗಿದೆ. ಫಲಕಗಳ ಕ್ರಮವನ್ನು ಕೆಳಗಿನಿಂದ ಎಣಿಸಬೇಕೋ ಮೇಲಿನಿಂದಲೋ ಎಂಬ ಬಗ್ಗೆ ಗೆಳೆಯರಲ್ಲಿ ಇನ್ನೂ ಒಮ್ಮತವಿಲ್ಲ. ಕಥೆ ಕೆಳಗಿನಿಂದ ಏರುತ್ತದೆಯಾದ್ದರಿಂದ ಕೆಳಗಿನಿಂದಲೇ ಎಣಿಸಬೇಕೆಂಬುದು ನನ್ನ ಪಕ್ಷ.